ಎದುರು ಕೂತು ಉಂಡದ್ದು

"ಇವತ್ತು ಇಟ್ಟು ಮಾಡಮ್ಮಿ," ಎಂದ ಹೊನ್ನಪ್ಪ.

ಮಾತು ಮೂಗಿನೊಳಗೆ ಹೊಕ್ಕು, ತೊದಲಿ ಹೊರಬಂತು. ಬೇರೆಯವರಿಗೆ ಅದು ಬರೀ ಸದ್ದು. ಹೆಂಡತಿ ಮಂಗಳಮ್ಮನಿಗೆ ಮಾತ್ರ ಅರ್ಥವಾಗುತ್ತಿತ್ತು. ಗಂಜಿ ಆರಿಸುತ್ತಿದ್ದ ಅವಳು ಕೇಳಿಸದವಳಂತೆ ಚಮಚ ತಿರುಗಿಸುತ್ತಲೇ ಇದ್ದಳು. ಇಟ್ಟಿನ, ಅಂದರೆ ರಾಗಿಮುದ್ದೆಯ, ಮಾತು ಆ ಮನೆಯಲ್ಲಿ ನಿಂತೇ ಹೋಗಿತ್ತು. ಹಿಂದಿನ ದೀಪಾವಳಿಯ ಹೊತ್ತಿಗೆ ಒಂದು ತುತ್ತು ಗಂಟಲಲ್ಲಿ ಕಚ್ಚಿಕೊಂಡು ಅವನ ಕಣ್ಣು ಮೇಲೆ ಹೋಗಿತ್ತು. ಅವಳು ಬೆನ್ನಿಗೆ ಗುದ್ದಿ ಗುದ್ದಿ ಅದನ್ನು ಹೊರಗೆ ಬರಿಸಿದ್ದಳು. ಅವತ್ತೇ ಹಿಟ್ಟು ತೊಳಸುವ ಕೋಲನ್ನು ಅಟ್ಟಕ್ಕೆಸೆದು, ತನಗೂ ಅನ್ನವೇ ಒಗ್ಗುತ್ತದೆ ಅಂದುಬಿಟ್ಟಿದ್ದಳು.

ಕಾಯಿಲೆಯ ಹೆಸರು ಎಎಲ್‌ಎಸ್ ಎಂದು ಡಾಕ್ಟರು ಹೇಳಿದ್ದರು. ಕೈ, ಕಾಲು, ನಾಲಿಗೆ ಆಡಿಸುವ ನರಗಳು ಒಂದೊಂದಾಗಿ ಸೋಲುತ್ತವೆ, ಬುದ್ಧಿ ಮಾತ್ರ ಹಾಗೇ ಇರುತ್ತದೆ ಅಂದಿದ್ದರು. ಈಗ ಗಂಜಿಯೂ ಇಳಿಯುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಕಾರು ಮಾಡಿಕೊಂಡು ಆದಿಚುಂಚನಗಿರಿ ಆಸ್ಪತ್ರೆಗೆ ಹೋಗಬೇಕಿತ್ತು. ಹೊಟ್ಟೆಗೆ ನೇರವಾಗಿ ಒಂದು ಕೊಳವೆ ಕೂರಿಸುತ್ತಾರೆ. ಜೊತೆಗೆ ಬರಲೆಂದು ಅವನ ಅಕ್ಕ ಮಾಯಮ್ಮ ತೊಣ್ಣೂರಿನಿಂದ ಬಂದು ಉಳಿದಿದ್ದಳು.

ತಮ್ಮ ಕೇಳುತ್ತಿರುವುದು ಏನೆಂದು ಮಂಗಳಮ್ಮ ಹೇಳಿದಾಗ ಮಾಯಮ್ಮ ಗದರಿದಳು. ಇಷ್ಟು ದಿನ ಕಾಪಾಡಿಕೊಂಡು ಬಂದು ಇವತ್ತು ಜೀವ ಕಳೆದುಕೊಳ್ಳಬೇಕಾ ಎಂದಳು. ಗದರುತ್ತಿದ್ದವಳಿಗೆ ಅದೇಕೋ ದನಿ ಬಿದ್ದುಹೋಯಿತು. ಅವ್ವ ಹೊಲಕ್ಕೆ ಹೋದಾಗ ಇವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಮುದ್ದೆ ಉಣ್ಣಿಸಿದ್ದವಳು ಅವಳೇ. "ಅಗೀಬಾರ್ದು ಕಣ್ಲಾ, ನುಂಗ್ಬೇಕು," ಎಂದು ಹೇಳಿಕೊಟ್ಟಿದ್ದಳು. ಆ ಪಾಠವನ್ನು ಅವನು ಎಷ್ಟು ಚೆನ್ನಾಗಿ ಕಲಿತನೆಂದರೆ, ಪ್ರಾಯದಲ್ಲಿ ಕೆ.ಆರ್.ಪೇಟೆಯಲ್ಲಿ ಮುದ್ದೆ ಉಣ್ಣುವ ಪಂದ್ಯ ಗೆದ್ದು, ಬಹುಮಾನದ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಸ್ಸಿನಲ್ಲಿ ಊರಿಗೆ ಬಂದಿದ್ದ.

"ಮಾಡು," ಎಂದ ಹೊನ್ನಪ್ಪ ಮತ್ತೆ. "ನಾಳಿಕ್ಕೆ ಆಗಕಿಲ್ಲ."

ಮಂಗಳಮ್ಮ ಅಟ್ಟಕ್ಕೆ ಕೈಹಾಕಿ ಕೋಲು ತೆಗೆದಳು. ಎಸರು ಕುದಿಯಿತು. ಹಿಟ್ಟು ಬಿತ್ತು. ಪಾತ್ರೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು ಅವಳು ತೊಳಸತೊಡಗಿದಾಗ ಹೊನ್ನಪ್ಪ ಕಣ್ಣು ಮುಚ್ಚಿದ. ಕಬ್ಬಿನ ಲೋಡು ಹೇರಿದ ಟ್ರಾಕ್ಟರು ಓಡಿಸಿಕೊಂಡು ಪಾಂಡವಪುರದ ಫ್ಯಾಕ್ಟರಿಗೆ ಹೋಗಿ, ಸಾಲಿನಲ್ಲಿ ಕಾದು ಕಾದು ಮನೆಗೆ ಬರುತ್ತಿದ್ದ ದಿನಗಳಲ್ಲಿ, ಹಟ್ಟಿಯ ಮುಂದೆ ಎಂಜಿನ್ ಆರಿಸಿದೊಡನೆ ಕೇಳಿಸುತ್ತಿದ್ದದ್ದು ಇದೇ ಸದ್ದು. ಹುರುಳಿಕಾಳಿನ ಬಸ್ಸಾರಿನ ವಾಸನೆ ಬಾಗಿಲಿಗೇ ಬಂದು ಕರೆಯುತ್ತಿತ್ತು. ಒಂದೇ ಕೈಯಲ್ಲಿ ಸ್ಟೇರಿಂಗ್ ಎಳೆದು ತಿರುಗಿಸುತ್ತಿದ್ದ ಕೈ ಈಗ ಕುರ್ಚಿಯ ತೋಳಿನ ಮೇಲೆ ಬಿದ್ದಿತ್ತು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಲ್ಲೊಂದು ಗುಳಿಯಾಗಿತ್ತು.

ತಟ್ಟೆ ಬಂತು. ಮುದ್ದೆಯ ಮೇಲೆ ಹಬೆಯಾಡುತ್ತಿತ್ತು. ಮಂಗಳಮ್ಮ ಅವನ ಜೋಲುವ ಕತ್ತನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಕಡಲೆಕಾಳಿನಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ಅವನ ತುಟಿಯ ಹತ್ತಿರ ತಂದಳು. ಮಾಯಮ್ಮ ಬೆನ್ನಿಗೆ ಗುದ್ದಲು ತಯಾರಾದವಳಂತೆ ಹಿಂದೆ ಬಂದು ನಿಂತಳು.

ಹೊನ್ನಪ್ಪ ಬಾಯಿ ತೆರೆಯಲಿಲ್ಲ.

"ನಂಗಲ್ಲ," ಎಂದ. "ನೀನು ಉಣ್ಣು. ಒಳಿಕ್ಕೆ ಓಗ್ಬ್ಯಾಡ, ಇಲ್ಲೇ ಕೂತ್ಕೊ. ನಾನು ನೋಡ್ತೀನಿ."

ಮಂಗಳಮ್ಮನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎನಿಸಿತು. ಅವನು ಇನ್ನೊಮ್ಮೆ, ಒಂದೊಂದೇ ಅಕ್ಷರ ತಳ್ಳಿ ಹೇಳಿದ. ಮದುವೆಯಾಗಿ ಬಂದಾಗಿನಿಂದ ಅವಳು ಗಂಡನ ಎದುರು ಕೂತು ಉಂಡವಳಲ್ಲ. ಎಲ್ಲರದೂ ಆದಮೇಲೆ ಒಲೆಯ ಮುಂದೆ, ಗೋಡೆಗೆ ಮುಖ ಮಾಡಿ, ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಮುಗಿಸುತ್ತಿದ್ದಳು. ಅವನು ಅವಳ ಊಟ ಕಂಡದ್ದು ಒಂದೇ ಸಲ, ಮದುವೆಯ ದಿನ ಭೂಮದ ಊಟಕ್ಕೆ ಇಬ್ಬರನ್ನೂ ಒಂದೇ ತಟ್ಟೆಗೆ ಕೂರಿಸಿದಾಗ. ಅವತ್ತೂ ಅವಳು ತಲೆ ಎತ್ತಿರಲಿಲ್ಲ. ಕಂಡದ್ದು ಬಾಸಿಂಗ ಮಾತ್ರ.

"ನೀವು ಉಣ್ಣದಂಗೆ ನಾನೆಂಗೆ ಉಣ್ಲಿ?" ಎಂದಳು.

ಮಾಯಮ್ಮ ಒಂದು ಮಣೆ ತಂದು ತಮ್ಮನ ಕುರ್ಚಿಯ ಎದುರಿಗೆ ಹಾಕಿದಳು. "ಉಣ್ಣವ್ವ," ಎಂದಷ್ಟೇ ಹೇಳಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಜಗಲಿಗೆ ಹೋದಳು.

ಮಂಗಳಮ್ಮ ಕೂತಳು. ಮೊದಲ ತುತ್ತು ಉಪ್ಪೋ ಸಪ್ಪೆಯೋ ತಿಳಿಯಲಿಲ್ಲ. ಎರಡನೆಯದಕ್ಕೆ ನಾಚಿಕೆಯಾಯಿತು. ಆಮೇಲೆ ಹಸಿವೆ ತಾನೇ ಕೈಯನ್ನು ನಡೆಸಿತು. ಎಷ್ಟು ತಿಂಗಳಿಂದ ತನಗೆ ಹೊಟ್ಟೆ ತುಂಬಿಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು. ಸಾರು ಹೆಚ್ಚಾಗಿ ಬಿಟ್ಟುಕೊಳ್ಳುವಂತೆ ಅವನು ಕಣ್ಣಿನಲ್ಲೇ ಹೇಳಿದ. ಅವಳು ಬಿಟ್ಟುಕೊಂಡಳು.

ಅರ್ಧ ಮುದ್ದೆ ಮುಗಿದಾಗ ಮಂಗಳಮ್ಮ ತಲೆ ಎತ್ತಿ ನೋಡಿದಳು. ಅವಳು ನುಂಗಿದಾಗಲೆಲ್ಲ ಅವನ ಗಂಟಲ ಮಣಿಯೂ ಮೆಲ್ಲಗೆ ಮೇಲೆದ್ದು ಕೆಳಗಿಳಿಯುತ್ತಿತ್ತು.

ಮುಂದಿನ ತುತ್ತನ್ನು ಅವಳು, ಅವನಿಗೆ ಮುರಿದ ಹಾಗೆ, ಕಡಲೆಕಾಳಿನಷ್ಟೇ ಮುರಿದಳು.