ಮೊದಲನೇ ಸ್ಟೇಜ್ ದಾಟದವನು

ಅಟ್ಟದಿಂದ ಇಳಿಸಿದ ಹಳೆಯ ವಿಡಿಯೋ ಗೇಮನ್ನು ಅರವಿಂದ ಎಲ್ಲರೆದುರು ಟೀಪಾಯಿಯ ಮೇಲಿಟ್ಟ. ಆ ಕಾಲಕ್ಕೆ ಇಡೀ ಓಣಿಯಲ್ಲಿ ಅದು ಇದ್ದದ್ದು ಅವನ ಮನೆಯಲ್ಲಿ ಮಾತ್ರ. ದಿನವೂ ಆಡಲು ಬರುತ್ತಿದ್ದ ಗೆಳೆಯ ಗುರುನಾಥ ಈಗ ಅವನ ತಂಗಿ ವಿದ್ಯಾಳ ಗಂಡ.

“ನಿಮ್ಮಪ್ಪನಂಥಾ ದಡ್ಡನ್ನ ನಾ ಎಲ್ಲೂ ನೋಡಿಲ್ಲವ್ವಾ,” ಎಂದು ಅರವಿಂದ ತಂಗಿಯ ಮಗಳಿಗೆ ಹೇಳಿದ. “ಆಟದಾಗ ಮೂರು ಜೀವ ಕೊಡ್ತಿದ್ರು. ಎರಡು ನಿಮಿಷದಾಗ ಮೂರೂ ಕಳಕೊಂಡು ಎದ್ದು ನಿಲ್ತಿದ್ದ. ಹೊಂಡ ಬಂದ್ರ ಜಿಗಿಯೂದು ಬಿಟ್ಟು ಸೀದಾ ಒಳಗ ಬೀಳಾಂವ! ಎರಡು ವರ್ಷ ಆಡಿದ್ರೂ ಮೊದಲನೇ ಸ್ಟೇಜ್ ದಾಟಲಿಲ್ಲ.”

ಗುರುನಾಥ ನಗುತ್ತ ಚಹಾ ಕುಡಿಯುತ್ತಿದ್ದ.

“ನಗ್ತಾನ ನೋಡು, ನಾಚಿಕಿಲ್ಲದಾಂವ. ಸಣ್ಣ ಹುಡುಗರೂ ನಿನ್ನ ಸೋಲಿಸ್ತಿದ್ರಲ್ಲಲೇ!”

ಹುಡುಗಿಯ ಮುಖ ಸಣ್ಣದಾಯಿತು. “ಖರೇನಾ, ಅಪ್ಪಾ?”

“ಖರೇ,” ಎಂದ ಗುರುನಾಥ.

ವಿದ್ಯಾಳಿಗೆ ಇನ್ನು ಸುಮ್ಮನಿರಲಾಗಲಿಲ್ಲ.

“ಅಣ್ಣಾ, ಸೋತವರು ಅಡಿಗಿಮನಿಗೆ ಹೋಗಿ ನಿನಗ ನೀರು ತಂದುಕೊಡಬೇಕು ಅಂತ ರೂಲ್ ಮಾಡಿದಾಂವ ನೀನ ಅಲ್ಲೇನು? ಅಲ್ಲಿ ನಾ ಇರ್ತಿದ್ದೆ.”