ಅಪ್ಪನ ಹೆಸರಿನ ಟೆಸ್ಟ್

ಯಾರೇ ಆಗಲಿ, ಸಾಯುವ ಒಂದು ತಾಸು ಮೊದಲು ಮನೆಯವರ ಫೋನಿಗೆ ಸೂಚನೆ ಬರುತ್ತದೆ. ಜನ ಕೆಲಸ ಬಿಟ್ಟು ಓಡಿಹೋಗಿ ಕೈ ಹಿಡಿದು ಕೂರುತ್ತಾರೆ. ಸೂಚನೆ ಕಳಿಸುವ ಹಳೆಯ ಸರ್ವೀಸು ಆಗಾಗ ಕೈಕೊಡುತ್ತಿತ್ತು. ಹುಬ್ಬಳ್ಳಿಯ ಆಫೀಸಿನಲ್ಲಿ ನೀಲಾಂಬಿಕಾಳ ತಂಡ ಹೊಸದನ್ನು ಜೋಡಿಸುತ್ತಿತ್ತು. ಟೆಸ್ಟಿಗೆ ಅವಳು ಕೊಟ್ಟಿದ್ದು ಅಪ್ಪನ ಹೆಸರು. ಅಪ್ಪ ಗಟ್ಟಿ ಆಳು ಎಂಬ ಧೈರ್ಯ. ಧಾರವಾಡದಿಂದ ತಂಡದ ಮೌಲಾಲಿ ಟೆಸ್ಟ್ ಕಳಿಸುತ್ತಿದ್ದ. ವಾರವಿಡೀ ಒಂದೂ ತಲುಪಿರಲಿಲ್ಲ.

ಇಂದು ಮಧ್ಯಾಹ್ನ ಅವಳ ಫೋನು ಸದ್ದು ಮಾಡಿತು: ‘ನಿಮ್ಮ ತಂದೆ ಹೊರಟಿದ್ದಾರೆ. ಬೇಗ ಬನ್ನಿ.’

“ಬಂತು ನೋಡ್ರಿ!” ಎಂದು ಅವಳು ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೇಡೆ ತರಿಸಿ ಹಂಚಿದಳು. ನಗು, ಚಹಾ, ಹರಟೆಯಲ್ಲಿ ತಾಸು ಕಳೆಯಿತು.

ಆಮೇಲೆ ಮೌಲಾಲಿಯ ಫೋನು ಬಂತು.

“ಸಿಟ್ಟಾಗಬ್ಯಾಡ್ರಿ ಅಕ್ಕಾರ, ಮುಂಜಾನಿಂದ ಕರೆಂಟ್ ಇರಲಿಲ್ರಿ. ಇವತ್ತಿನ ಟೆಸ್ಟ್ ಈಗ ಕಳಸ್ಲೇನ್ರಿ?”