ಹಿಂದಿನ ಸೀಟಿನ ಸೆಕೆ

"ಈ ಏಸಿ ಗ್ಯಾರೇಜಲ್ಲಿ ನಿಂತಾಗ ಮಾತ್ರ ತಣ್ಣಗಾಗುತ್ತಲ್ಲ, ಅದೇನು ಮಾಯೆ?" ಕಾರು ಓಡಿಸುತ್ತಲೇ ಯಜಮಾನ ಪಕ್ಕದಲ್ಲಿ ಕುಳಿತ ಮೆಕ್ಯಾನಿಕ್‌ನನ್ನು ಕೆಣಕಿದ. ಏಸಿಯ ಕಿಂಡಿಗೆ ಸಿಕ್ಕಿಸಿದ್ದ ಥರ್ಮಾಮೀಟರ್ ಎಲ್ಲ ಸರಿಯಾಗಿದೆ ಎನ್ನುತ್ತಿತ್ತು. ಯಜಮಾನನ ಬೆನ್ನು ಮಾತ್ರ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು. ಥರ್ಮಾಮೀಟರೂ ಮೆಕ್ಯಾನಿಕ್‌ನದೇ ಅಲ್ಲವೇ, ಅದನ್ನು ನಂಬುವುದು ಹೇಗೆ?

"ಅರ್ಧ ಗ್ಯಾಸ್ ಹಾಕಿ ಪೂರ್ತಿ ಅಂದಿರ್ತಾನೆ ಕಣೋ, ಬಿಡಬೇಡ," ಎಂದು ಹಿಂದಿನ ಸೀಟಿನಿಂದ ಅಮ್ಮ, ಪಿಸುಮಾತೆಂದುಕೊಂಡು ಗಟ್ಟಿಯಾಗಿಯೇ ಹೇಳಿದರು. ಹೋದ ಸಲದ ಮೆಕ್ಯಾನಿಕ್ ಕಳ್ಳನೆಂದು ಕಂಡುಹಿಡಿದವರೂ ಅವರೇ.

ಮೆಕ್ಯಾನಿಕ್ ಏನನ್ನೋ ಆಲಿಸುವವನಂತೆ ಕಿವಿಗೊಟ್ಟು, ನಿಧಾನವಾಗಿ ಹಿಂದಕ್ಕೆ ತಿರುಗಿದ. ಇವನೇನು ಹೊಸ ನಾಟಕ ಹೂಡಿದ ಎಂದುಕೊಂಡು ಯಜಮಾನನೂ ಕನ್ನಡಿಯಲ್ಲಿ ಇಣುಕಿದ. ಅಮ್ಮನ ಮಗ್ಗುಲ ಗಾಜು ನಾಲ್ಕು ಬೆರಳು ಕೆಳಗಿಳಿದಿತ್ತು. ಆ ಸಂದಿಯಿಂದ ನುಗ್ಗಿದ ಬಿಸಿಗಾಳಿಗೆ ಅವರ ಶಾಲಿನ ತುದಿ ಪಟಪಟ ಬಡಿದುಕೊಳ್ಳುತ್ತಿತ್ತು.

"ಅಮ್ಮಾ! ಯಾವಾಗಿಂದ ತೆಗೆದಿಟ್ಟಿದೀಯಾ ಅದನ್ನ?"

"ಬೇಸಿಗೆ ಶುರುವಾದಾಗಿಂದ," ಎಂದರು ಅಮ್ಮ, ಗಾಜನ್ನು ಇನ್ನೊಂದು ಬೆರಳು ಇಳಿಸುತ್ತ. "ನಿನ್ನ ಏಸಿ ನಂಬ್ಕೊಂಡು ಕೂತ್ರೆ ಬೆಂದೇ ಹೋಗ್ತೀವಿ."